ಸತ್ತ ಬ್ಯಾಟರಿಯ ಪಾಲು

ಆ ಬ್ಯಾಟರಿಗಳನ್ನು ನಾನು ಪುಲಕ ಅನ್ನುವ ಕೆಸುವಿನ ಜಾತಿಯ ಗೆಡ್ಡೆ ಬೆಳೆಯುವ ಗುಂಡಿಯ ಪಕ್ಕ ತಂದು ಸುರಿದವರಲ್ಲಿ ಒಬ್ಬನೂ ಗೆಡ್ಡೆ ಬೆಳೆದವನಲ್ಲ. ನನ್ನ ಅಜ್ಜಿಯ ಕಾಲದ ಹೆಂಗಸರು ಹವಳದ ನೆಲ ಅಗೆದು, ಸೊಪ್ಪು ಹೊತ್ತು ಹಾಕಿ ಕೊಳೆಸಿ, ಮಣ್ಣನ್ನೇ ಹುಟ್ಟಿಸಿದ ಗುಂಡಿ ಅದು. ನಮ್ಮ ದ್ವೀಪದ ಉಳಿದ ಗುಂಡಿಗಳೆಲ್ಲ ಸಮುದ್ರ ನುಗ್ಗಿ ಉಪ್ಪಾಗಿ ಹೋದವು. ಉಳಿದದ್ದು ಇದೊಂದೇ. ಇದೂ ಹೋದರೆ ದೂರದ ಅಪಿಯಾ ಬಂದರಿನಿಂದ ಹಡಗು ತರುವ ಅಕ್ಕಿಗೆ ಬಾಯಿ ಬಿಟ್ಟುಕೊಂಡು ಕೂರಬೇಕು.

ಸೋಲಾರ್ ದೀಪ ಬಂದಾಗ ನಾನೂ ಕುಣಿದವಳೇ. ಡೀಸೆಲ್ ಹೊಗೆ ತಪ್ಪಿತಲ್ಲ! ಆದರೆ ಸತ್ತ ಬ್ಯಾಟರಿಗಳಿಗೆ ಮಾತ್ರ ಪ್ರತಿ ಸಲವೂ ಹಡಗಿನಲ್ಲಿ ಜಾಗವಿಲ್ಲ. ಬಿಸ್ಕತ್ತು, ಬಿಯರು, ಪ್ಲಾಸ್ಟಿಕ್ ಕುರ್ಚಿ ಇಳಿಸಿದ ಜಾಗ ವಾಪಸ್ ಹೋಗುವಾಗ ಎಲ್ಲಿ ಮಾಯವಾಗುತ್ತದೋ, ಆ ದೇವರಿಗೇ ಗೊತ್ತು.

ಅವತ್ತು ಬೆಳಿಗ್ಗೆ ಹೋಗಿ ನೋಡಿದರೆ ಗುಂಡಿಯ ಅಂಚಿನ ಗಿಡಗಳೆಲ್ಲ ಸುಟ್ಟು ಕರಕಲಾಗಿದ್ದವು. ಒಡೆದ ಬ್ಯಾಟರಿಯ ಆಸಿಡ್ ಕೆಳಗೆ ಹರಿದಿತ್ತು. ನನ್ನ ಮೈ ಉರಿದು ಹೋಯಿತು. ನೇರ ಹಿರಿಯರ ಸಭೆಗೆ ನುಗ್ಗಿದೆ. ಅಲ್ಲಿ ಹಡಗಿನಲ್ಲಿ ಬಂದ ಅಧಿಕಾರಿಯೊಬ್ಬ ಹೂಮಾಲೆ ಹಾಕಿಕೊಂಡು ಪರಿಸರ ರಕ್ಷಣೆಯ ಭಾಷಣ ಮಾಡುತ್ತಿದ್ದ.

"ಲುಹಿಯಾ, ಅತಿಥಿ ಮುಂದೆ ಮರ್ಯಾದೆ ಕಳೀಬೇಡಮ್ಮ. ಆಮೇಲೆ ಮಾತಾಡೋಣ," ಅಂದ ಸಭೆಯ ಮುಖ್ಯಸ್ಥ ಅಲಪಾತಿ.

"ಆಮೇಲೆ ಅಂದ್ರೆ ಯಾವಾಗ? ನನ್ನ ಗುಂಡಿ ಸತ್ಮೇಲೆ ಇಗರ್ಜಿ ಗಂಟೆ ಹೊಡಿಸ್ತೀರಾ?"

"ಜಾಗ ಆದ ತಕ್ಷಣ ಸಾಗಿಸ್ತೀವಿ," ಅಂತ ಅಧಿಕಾರಿ ನಕ್ಕ.

ಆ ನಗುವೇ ಸಾಕಾಯಿತು. ನಾನೂ ನನ್ನ ತಂಗಿಯರೂ ತಳ್ಳುಗಾಡಿಯಲ್ಲಿ ಬ್ಯಾಟರಿಗಳನ್ನೆಲ್ಲ ಇನಾತಿ ಬಯಲಿಗೆ ಸಾಗಿಸಿ ಹಾಕಿದೆವು. ಊರಿನ ಮೀನನ್ನು ಪಾಲು ಹಾಕುವ ಜಾಗ ಅದು. ಹಸುಗೂಸಿನಿಂದ ಹಿಡಿದು ಹಾಸಿಗೆ ಹಿಡಿದವರವರೆಗೆ ಎಲ್ಲರಿಗೂ ಸಮ ಪಾಲು, ಬಂದ ಅತಿಥಿಗೂ ಕೂಡ. ಪಾಲಿನ ಗಂಟೆಯಾಗಿ ಅಲ್ಲಿ ನೇತುಹಾಕಿದ ಹಳೇ ಗ್ಯಾಸ್ ಸಿಲಿಂಡರನ್ನು ಕಬ್ಬಿಣದ ಸರಳಿನಿಂದ ಬಾರಿಸಿದೆ. ಊರೆಲ್ಲ ಬುಟ್ಟಿ ಹಿಡಿದು ಓಡಿ ಬಂತು, ಹಿಂದೆಯೇ ಅಧಿಕಾರಿಯೂ ಬಂದ.

ಪಾಲು ಹಾಕುವವನು ನನ್ನ ತಮ್ಮ ಪೆಲೆನಾತೋ. "ಅಕ್ಕಾ, ತಲೆ ಕೆಟ್ಟಿದ್ಯಾ ನಿಂಗೆ? ಇದೇನು ಮೀನಾ?"

"ಬೆಳಕನ್ನ ಎಲ್ರೂ ಹಂಚ್ಕೊಂಡ್ರಲ್ಲೋ. ಇದನ್ನ ನಾನೊಬ್ಳೇ ತಿನ್ಲಾ? ಗಂಟೆ ಬಾರಿಸಿ ಆಯ್ತು, ಮಾಲು ನೆಲದ ಮೇಲಿದೆ. ಹಾಕು ಪಾಲು!"

ನಮ್ಮಲ್ಲಿ ತಮ್ಮನಾದವನು ಅಕ್ಕನ ಮಾತನ್ನು ತೆಗೆದುಹಾಕುವಂತಿಲ್ಲ. ಅವನು ಬ್ಯಾಟರಿಗಳನ್ನು ಒಂದೊಂದಾಗಿ ಬಿಡಿಸಿಟ್ಟ. ಆಮೇಲೆ ಕೂಗಿದ: "ಅಲಪಾತಿ ಮನೆ! ಪಾದ್ರಿ ಮನೆ!"

ಜನ ಬಿದ್ದು ಬಿದ್ದು ನಕ್ಕರು. ತಮ್ಮ ತಮ್ಮ ಮನೆಯ ಹೆಸರು ಬರುತ್ತಿದ್ದ ಹಾಗೆ ಒಬ್ಬೊಬ್ಬರ ನಗುವೂ ಆರಿತು. ಪಾಲು ಬೇಡ ಅಂದವನು ಊರೇ ಬೇಡ ಅಂದ ಹಾಗೆ. ಹಾಗಾಗಿ ಅಲಪಾತಿ ಕೂಡ ಹಲ್ಲು ಕಚ್ಚಿಕೊಂಡು ತನ್ನ ಪಾಲನ್ನು ಹತ್ತಿರ ಎಳೆದುಕೊಂಡ.

"ಅತಿಥಿ ಪಾಲು!" ಅಂತ ಕೂಗಿದ ಪೆಲೆನಾತೋ.

ಕೊನೆಯ ಬ್ಯಾಟರಿ ಅಧಿಕಾರಿಯ ಕಾಲ ಬಳಿ ಕೂತಿತು. "ಇದನ್ನ ತಗೊಂಡು ನಾನೇನು ಮಾಡ್ಲಿ?" ಅಂದ ಅವನು.

"ನಾನೂ ಇಷ್ಟು ದಿನ ಅದನ್ನೇ ಕೇಳ್ತಿದ್ದೆ ಸ್ವಾಮಿ."

ಸಂಜೆಯೊಳಗೆ ಹಡಗಿನಲ್ಲಿ ಜಾಗ ಆಯಿತು! ಎಲ್ಲರೂ ತಮ್ಮ ಪಾಲನ್ನು ತಾವೇ ಹೊತ್ತು, ಹಡಗಿಗೆ ಒಯ್ಯುವ ದೋಣಿಗೆ ಹಾಕಿದರು. ಅಧಿಕಾರಿ ಮಾತ್ರ ತನ್ನದನ್ನು ಬಯಲಲ್ಲೇ ಬಿಟ್ಟು ದೋಣಿ ಹತ್ತಿದ. ಪೆಲೆನಾತೋ ಅದನ್ನೆತ್ತಿಕೊಂಡು ಸೊಂಟದವರೆಗೆ ನೀರಿಗಿಳಿದು ಹೋಗಿ, ಅವನ ತೊಡೆಯ ಮೇಲೆ ಇಟ್ಟ. "ಪಾಲು ಮರೆತ್ರಿ," ಅಂದ.

ಊರವರು ಇನ್ನೂ ದಡದಲ್ಲಿ ನಿಂತು ಚಪ್ಪಾಳೆ ತಟ್ಟುತ್ತಿದ್ದಾಗ ನಾನು ಗುಂಡಿಗೆ ಇಳಿದೆ. ಸುಟ್ಟ ಗಿಡವೊಂದನ್ನು ಕಿತ್ತೆ. ಗೆಡ್ಡೆ ಕೈಯಲ್ಲೇ ಕರಗಿ ಜಾರಿತು. ಪಕ್ಕದ ಹಸಿರು ಗಿಡವನ್ನು ಕಿತ್ತೆ, ಅದರ ಗೆಡ್ಡೆಯೂ ಹಾಗೇ ಕರಗಿತು. ಹೇಳಿ, ಇದನ್ನು ಯಾರ ಪಾಲಿಗೆ ಹಾಕಲಿ?