ಸಪ್ನಾಳ ಅಕ್ಕ

ಘೋಡಗೇರಿಯ ಭೀಮಶಿ ಮತ್ತು ಶೆಟ್ಟೆವ್ವರ ಹಿರಿಮಗಳು ವಿಜಯಶ್ರೀ ಜರ್ಮನಿಯಿಂದ ಬೆಳ್ಳಿ ಪದಕ ಗೆದ್ದು ಬಂದಾಗ ಊರವರು ಘಟಪ್ರಭಾ ಸ್ಟೇಷನ್ನಿನಿಂದಲೇ ಟ್ರ್ಯಾಕ್ಟರಿನಲ್ಲಿ ಮೆರವಣಿಗೆ ಮಾಡಿದರು. ಬುದ್ಧಿ ಬೆಳವಣಿಗೆ ಕಡಿಮೆಯಾದವರಿಗಾಗಿಯೇ ನಡೆಯುವ ಅಂತರರಾಷ್ಟ್ರೀಯ ಕ್ರೀಡಾಕೂಟದಲ್ಲಿ ಅವಳು ಭಾರ ಎತ್ತಿದ್ದಳು. ಮೈತುಂಬ ಗುಲಾಲು ಮೆತ್ತಿಕೊಂಡು ಕಂಡವರಿಗೆಲ್ಲ ಕೈ ಬೀಸಿದಳು. ಬಸ್ ನಿಲ್ದಾಣದ ಎದುರು ಅವಳ ಚಿತ್ರದ ಬ್ಯಾನರ್ ಎದ್ದಿತು. ‘ಬುದ್ಧಿಮಾಂದ್ಯ ಕ್ರೀಡಾಪಟು’ ಎಂದು ಹೆಸರಿಗಿಂತ ದೊಡ್ಡ ಅಕ್ಷರದಲ್ಲಿ ಬರೆಸಿದ್ದರು. ಅಲ್ಲಿಯವರೆಗೆ ಪರವೂರಿನವರಿಗೆ ಅವಳ ವಿಷಯ ಗೊತ್ತಿರಲಿಲ್ಲ.

ತಂಗಿ ಸಪ್ನಾಳನ್ನು ನೋಡಲು ಅಂಕಲಗಿಯವರು ಬಂದರು. ಚಹಾ ಕುಡಿಯುತ್ತ ಹುಡುಗನ ಕಾಕಾ ಕೇಳಿದ, “ಬ್ಯಾನರಿನ್ಯಾಗಿನ ಹುಡಗಿ ನಿಮ್ಮಾಕಿನ ಏನ್ರಿ?”

“ಹೌದ್ರಿ. ದೇಶಕ್ಕ ಬೆಳ್ಳಿ ತಂದಾಳ್ರಿ,” ಎಂದ ಭೀಮಶಿ ಹೆಮ್ಮೆಯಿಂದ.

“ಅದು ಖರೆ. ನಿಮ್ಮ ಮನಿತನದಾಗ ಇನ್ನ ಯಾರರ ಹಿಂಗ ಅದಾರೇನ್ರಿ?”

ಹೋದವರು ಮತ್ತೆ ಫೋನ್ ಎತ್ತಲಿಲ್ಲ. ಮರುದಿನ ಭೀಮಶಿ ತಾನೇ ಏಣಿ ಹಚ್ಚಿ ಬ್ಯಾನರ್ ಬಿಚ್ಚಿ ತಂದು ಮೇವಿನ ಬಣವೆಗೆ ಹೊದಿಸಿದ.

ಮುಂದಿನ ಶಿಬಿರಕ್ಕೆ ಕರೆದೊಯ್ಯಲು ವಿಜಯಶ್ರೀಗೆ ತರಬೇತಿ ಕೊಡುವ ಅನ್ನಪೂರ್ಣಾ ಮೂಡಲಗಿಯಿಂದ ಬಂದಳು. ವಿಜಯಶ್ರೀ ಬ್ಯಾಗು ಹಿಡಿದು ಬಾಗಿಲಲ್ಲೇ ನಿಂತಿದ್ದಳು.

“ಸಣ್ಣಾಕಿ ಮದಿವಿ ಆಗೂತನಕ ಇಕಿನ್ನ ಎಲ್ಲೂ ಕಳಸೂದಿಲ್ರಿ, ಮೇಡಮ್,” ಎಂದ ಭೀಮಶಿ.

“ಇಕಿ ಏನ್ ತಪ್ಪ ಮಾಡ್ಯಾಳ್ರಿ?”

“ಗೆದ್ದಾಳಲ್ರಿ. ಅದ ತಪ್ಪ.”

ಅನ್ನಪೂರ್ಣಾ ಅವಳ ತಲೆ ಸವರಿ ಒಬ್ಬಳೇ ಬಸ್ ಹತ್ತಿದಳು.

ಹುಕ್ಕೇರಿಯವರು ಸಪ್ನಾಳನ್ನು ನೋಡಲು ಬಂದ ದಿನ ವಿಜಯಶ್ರೀಗೆ ಹಿತ್ತಲಲ್ಲೇ ಇರಲು ಹೇಳಿದ್ದರು. ಆದರೆ ಅದೇ ಹೊತ್ತಿಗೆ ದನಗಳ ಹಿಂಡಿ ಚೀಲ ಬಂತು. ಅವಳು ಎಂದಿನಂತೆ ಅದನ್ನು ಎತ್ತಿ ಹೆಗಲಿಗೇರಿಸಿ ಅಂಗಳ ದಾಟಿದಳು.

“ಎಪ್ಪಾ! ಗಂಡಸರ ಕೈಲೆ ಆಗೂದಿಲ್ಲ. ಯಾರ್ರಿ ಇಕಿ?” ಹುಡುಗನ ತಂದೆ ಬೆರಗಾಗಿ ಕೇಳಿದ.

ಶೆಟ್ಟೆವ್ವ ಗಂಡನ ಮುಖ ನೋಡಿದಳು. “ಹೊಲದ ಕೆಲಸಕ್ಕ ಬರ್ತಾಳ್ರಿ,” ಎಂದಳು.

ಚಹಾದ ತಟ್ಟೆ ಹಿಡಿದಿದ್ದ ಸಪ್ನಾ ತಲೆ ಎತ್ತಲಿಲ್ಲ. ಮದುವೆ ಗಟ್ಟಿಯಾಯಿತು.

ಆಡಿದ ಸುಳ್ಳನ್ನು ಇನ್ನು ಸಾಕಬೇಕಿತ್ತು. “ಮದಿವಿ ಮುಗಿಯೂತನಕ ನನಗ ಅವ್ವಾ ಅನಬ್ಯಾಡ. ಆಳುಗಳು ಅಂತಾರಲ್ಲ, ಹಂಗ ಬಾಯಾರ ಅನ್ನು,” ಎಂದು ಶೆಟ್ಟೆವ್ವ ಮಗಳಿಗೆ ಕಲಿಸಿದಳು. ಮೊದಮೊದಲು ವಿಜಯಶ್ರೀ ತಪ್ಪಿದಳು, ತಪ್ಪಿದಾಗಲೆಲ್ಲ ಬೈಸಿಕೊಂಡಳು. ಆಮೇಲೆ ತಪ್ಪಲಿಲ್ಲ.

ಮದುವೆಯಲ್ಲಿ ಅವಳು ಅನ್ನದ ಕೊಪ್ಪರಿಗೆ ಹೊತ್ತಳು, ಎಲೆ ಎತ್ತಿದಳು. ಮನೆಯವರೆಲ್ಲ ಫೋಟೋಕ್ಕೆ ನಿಂತಾಗ ಪಾತ್ರೆ ತಿಕ್ಕುತ್ತಿದ್ದಳು. ಗಂಡನ ಮನೆಗೆ ಹೊರಟ ಸಪ್ನಾ ಎಲ್ಲರನ್ನೂ ತಬ್ಬಿ ಅತ್ತಳು. ಅಕ್ಕನ ಎದುರಿಗೆ ಬಂದವಳು ಅತ್ತೆ ನೋಡುತ್ತಿರುವುದನ್ನು ಕಂಡು, “ಬರ್ತೀನಿ,” ಎಂದಷ್ಟೇ ಹೇಳಿ ಕಾರು ಹತ್ತಿದಳು.

ಮನೆಗೆ ಬಂದ ಮೇಲೆ ಶೆಟ್ಟೆವ್ವ ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡಳು.

“ಮುಗೀತವಾ ಎಲ್ಲಾ. ಇನ್ನ ನನಗ ಅವ್ವಾ ಅನ್ನು.”

“ಹೂಂರಿ, ಬಾಯಾರ.”

“ಮಂದಿ ಯಾರೂ ಇಲ್ಲ ನೋಡ. ಅವ್ವಾ ಅನ್ನ, ನನ್ನವ್ವ.” ಶೆಟ್ಟೆವ್ವ ಅವಳ ಕೈ ಹಿಡಿದುಕೊಂಡಳು.

ವಿಜಯಶ್ರೀ ಎದ್ದು, ಸೆರಗು ಸೊಂಟಕ್ಕೆ ಸಿಕ್ಕಿಸಿ ಕೇಳಿದಳು:

“ಮತ್ತೇನರ ಕೆಲಸ ಐತೇನ್ರಿ?”