ತವರದ ಪ್ಲಗ್ಗು

ಶೀತಲಗೃಹದಲ್ಲಿ ಅಮೋನಿಯ ಸೋರಿ ಇಬ್ಬರು ಸತ್ತಿದ್ದರು. ಮೊದಲು ಒಳಗೆ ಬಿದ್ದವನು ಮೂಟೆ ಹೊರುವ ಹಮಾಲಿ. ಅವನನ್ನು ಎಳೆದು ತರಲು ನುಗ್ಗಿದ ಎಲೆಕ್ಟ್ರಿಷಿಯನ್ ಕೂಡ ಹಿಂದಿರುಗಲಿಲ್ಲ. ಬಾಯಿ ಬಡಿದುಕೊಳ್ಳಬೇಕಿದ್ದ ಅಲಾರಂ ಹಸಿರು ದೀಪ ಉರಿಸಿಕೊಂಡು ತೆಪ್ಪಗಿತ್ತು.

ಅದು ಯಾಕೆ ಕೂಗಲಿಲ್ಲ ಎಂದು ನೋಡಲು ಮಾಲೀಕರು ಕರೆಸಿದ್ದು ಎಲೆಕ್ಟ್ರಿಷಿಯನ್‌ನ ತಮ್ಮನನ್ನೇ. ಆ ಯಂತ್ರ ಬಿಚ್ಚಬಲ್ಲ ಮೆಕ್ಯಾನಿಕ್ ಸುತ್ತಮುತ್ತ ಬೇರೊಬ್ಬನಿರಲಿಲ್ಲ. ಅವನು ಏಣಿ ಹತ್ತಿ, ಸೋರಿದ ಅನಿಲ ಪತ್ತೆಹಚ್ಚುವ ಸೆನ್ಸರಿನ ಪ್ಲಗ್ ಎಳೆದ. ಸೆನ್ಸರಿನ ಪಿನ್ನುಗಳು ಹಳದಿಯಾಗಿ ಹೊಳೆಯುತ್ತಿದ್ದವು. ಪ್ಲಗ್ಗಿನೊಳಗೆ ಮಾತ್ರ ಕಪ್ಪು ಕಲೆ. ತಂತಿಗೆ ಸುತ್ತಿದ ಟೇಪಿನ ತುದಿಯನ್ನು ಒಳಕ್ಕೆ ಮಡಚಿದ್ದ ರೀತಿ ನೋಡಿ ಅವನಿಗೆ ಗುರುತು ಸಿಕ್ಕಿತು. ಅದು ಅಣ್ಣನ ಕೈಕೆಲಸ.

ಮನೆಯಲ್ಲಿ ಅತ್ತಿಗೆ ಅಡುಗೆಮನೆಯ ಬಾಗಿಲಿಗೆ ಒರಗಿ ಕೂತಿದ್ದಳು. ಅವನು ಪ್ಲಗ್ಗನ್ನು ಅವಳ ಅಂಗೈಯಲ್ಲಿಟ್ಟ.

"ಅಲಾರಂನ ಹಳೇ ಪ್ಲಗ್ಗು ಮುರಿದಿರಬೇಕು ಅತ್ತಿಗೆ. ಅಣ್ಣ ಇದನ್ನ ಹಾಕಿದ್ದಾನೆ. ಇದಕ್ಕೆ ತವರದ ಲೇಪ. ಸೆನ್ಸರಿನ ಪಿನ್ನಿಗಿರೋ ಹಾಗೆ ಚಿನ್ನದ ಲೇಪ ಇರೋದು ಬೇಕಿತ್ತು."

"ಪ್ಲಗ್ಗಿಗೆ ಚಿನ್ನ ಯಾಕೆ? ಅದನ್ನ ಯಾರು ನೋಡ್ತಾರೆ?"

"ಚೆಂದಕ್ಕಲ್ಲ. ಚಿನ್ನಕ್ಕೆ ತುಕ್ಕು ಹಿಡಿಯಲ್ಲ. ತವರ ಗಾಳಿಗೆ ಪೊರೆ ಕಟ್ಟುತ್ತೆ. ಮೋಟರಿನ ಅದುರಾಟಕ್ಕೆ ಉಜ್ಜಿ ಉಜ್ಜಿ ಅದು ಇನ್ನೂ ದಪ್ಪಾಗುತ್ತೆ. ಫ್ಯಾನಿಗಾದ್ರೆ ನಡೆಯುತ್ತೆ, ಜೋರು ಕರೆಂಟು ಹೇಗೋ ನುಗ್ಗುತ್ತೆ. ಸೆನ್ಸರ್ ಕಳಿಸೋದು ಪಿಸುಮಾತಿನಷ್ಟು. ಇಷ್ಟು ಕಲೆ ಇದ್ರೆ ಅದು ದಾಟಲ್ಲ, ಅಲಾರಂಗೆ ಮುಟ್ಟೋದೇ ಇಲ್ಲ."

"ನಿಮ್ಮಣ್ಣನಿಗೆ ಇದು ಗೊತ್ತಿತ್ತಾ?"

"ಗೊತ್ತಿದ್ರೆ ಹಾಕ್ತಿದ್ನಾ?" ಅವನು ತಲೆ ತಗ್ಗಿಸಿದ. "ಇನ್ನೂ ಯಾರಿಗೂ ಹೇಳಿಲ್ಲ. ಯಂತ್ರ ಹಳೇದಾಗಿತ್ತು ಅಂತೀನಿ. ಯಾರೂ ಕೆದಕಲ್ಲ."

ಹಮಾಲಿಯ ಮುದಿ ತಾಯಿ ದಿನವೂ ಬಂದು ಅತ್ತಿಗೆಯ ಪಕ್ಕದಲ್ಲಿ ಕೂರುತ್ತಿದ್ದಳು. ನನ್ನ ಮಗನಿಗೋಸ್ಕರ ನಿನ್ನ ಗಂಡ ಪ್ರಾಣ ಕೊಟ್ಟ ಎಂದು ಅಳುತ್ತಿದ್ದಳು.

"ಆಯಮ್ಮ ನನ್ನ ಕೈ ಹಿಡ್ಕೊಂಡು ಅಳ್ತಾರೆ," ಎಂದಳು ಅತ್ತಿಗೆ. "ಇದನ್ನ ಹೊಟ್ಟೇಲಿಟ್ಕೊಂಡು ನಾನು ಹೇಗೆ ಕೂತ್ಕೊಳ್ಳಲಿ? ನಡಿ, ಹೇಳಿ ಬರೋಣ."

ಮುದುಕಿ ಇಬ್ಬರನ್ನೂ ಒಳಗೆ ಕರೆದು ಕೂರಿಸಿ, ಅತ್ತಿಗೆಯ ಕೈ ಹಿಡಿದುಕೊಂಡಳು. ಮೆಕ್ಯಾನಿಕ್ ತಡವರಿಸುತ್ತ ಎಲ್ಲವನ್ನೂ ಹೇಳಿದ. ಆಕೆಗೆ ಚಿನ್ನ, ತವರ ಎಷ್ಟು ಅರ್ಥವಾಯಿತೋ. ಕೇಳಿದ್ದು ಒಂದೇ ಮಾತು.

"ಅಲಾರಂ ಕೂಗಿದ್ರೆ ನನ್ನ ಮಗ ಓಡಿ ಬರ್ತಿದ್ನಾ?"

"ಬರ್ತಿದ್ದ, ಅಮ್ಮ."

ಅತ್ತಿಗೆಯ ಕೈ ಹಿಡಿದಿದ್ದ ಬೆರಳುಗಳು ಸಡಿಲವಾದವು. ಮುದುಕಿ ಗೋಡೆಯ ಕಡೆ ತಿರುಗಿ ಮಲಗಿಬಿಟ್ಟಳು. ಇವರು ಬಾಗಿಲು ಎಳೆದುಕೊಂಡು ಬಂದರು.

ಮರುದಿನ ಮೆಕ್ಯಾನಿಕ್ ಮಾಲೀಕರಿಗೂ ಇದ್ದದ್ದನ್ನು ಇದ್ದಂತೆಯೇ ಹೇಳಿದ. ಮುದುಕಿ ಮತ್ತೆ ಆ ಮನೆಗೆ ಬರಲಿಲ್ಲ. ಅತ್ತಿಗೆ ಒಬ್ಬಳೇ ಅತ್ತಳು.