ಸೊಳ್ಳೆ ಮಾವನ ರಕ್ತ

ಆಸ್ಪತ್ರೆಯ ರಕ್ತಪರೀಕ್ಷೆ ಕೋಣೆಯಲ್ಲಿ ಎಲ್ಲರೂ ಅವರನ್ನು ಕರೆಯುತ್ತಿದ್ದದ್ದು ಸೊಳ್ಳೆ ಮಾವ ಅಂತಲೇ. ಮೂವತ್ತು ವರ್ಷ ಊರಿನವರ ರಕ್ತ ಹೀರಿದ ಮನುಷ್ಯನಿಗೆ ಇನ್ನೇನು ಹೆಸರಿಡುತ್ತಾರೆ ಹೇಳಿ! ಅವರೂ ನಗುತ್ತಿದ್ದರು. ಜ್ವರ ಎಂದು ಒಂದು ದಿನ ಮಲಗಿದವರಲ್ಲ, ಗುಂಡುಕಲ್ಲಿನಂಥ ಮೈ. ಆ ಜಂಬದಿಂದಲೇ ಒಂದು ಕೆಟ್ಟ ಅಭ್ಯಾಸ ಅಂಟಿಕೊಂಡಿತ್ತು. ಯಂತ್ರದ ಮೇಲೆ ಅನುಮಾನ ಬಂದರೆ ಫ್ರಿಜ್ಜಿನಿಂದ, ಅಳತೆ ಮೊದಲೇ ಗೊತ್ತಿರುವ ತಪಾಸಣೆಯ ದ್ರಾವಣ ತೆಗೆದು, ಅದರ ತಣುಪು ಬಿಡುವವರೆಗೆ ಕಾಯುವ ತಾಳ್ಮೆ ಇಲ್ಲ. ತಮ್ಮ ತೋಳಿಗೇ ಸೂಜಿ ಚುಚ್ಚಿ, ಆ ರಕ್ತ ಹಾಕಿ ನೋಡುವುದು. "ನನ್ನ ರಕ್ತ ಸರಿ ತೋರಿಸಿದ್ರೆ ಯಂತ್ರ ಸರಿ. ಇಲ್ಲಾಂದ್ರೆ ಯಂತ್ರ ಕೆಟ್ಟಿದೆ, ಅಷ್ಟೇ!" ಸಕ್ಕರೆಗೂ ಉಪ್ಪಿಗೂ ಆ ಮಾತು ನಡೆದುಕೊಂಡು ಬಂದಿತ್ತು. ಕ್ಯಾಲ್ಸಿಯಂ ಪರೀಕ್ಷೆಗೆ ಬರುವವರೇ ಅಪರೂಪ. ತಮ್ಮ ರಕ್ತದಲ್ಲಿ ಅದೆಷ್ಟಿದೆ ಎಂದು ಅವರು ಯಾವತ್ತೂ ನೋಡಿದವರಲ್ಲ.

ಮಗಳ ಹೆರಿಗೆ ಅದೇ ಆಸ್ಪತ್ರೆಯಲ್ಲಾಯಿತು. ಹೆಣ್ಣುಮಗು. ಮೂರನೇ ದಿನಕ್ಕೆ ಅದು ಸೊರಗಿತು. ಮೊಲೆ ಹಿಡಿಯದು, ಅಳುವುದಕ್ಕೂ ತ್ರಾಣವಿಲ್ಲ, ಎತ್ತಿಕೊಂಡರೆ ಕೈಕಾಲು ಒದ್ದೆ ಬಟ್ಟೆಯ ಹಾಗೆ ಜೋತುಬೀಳುತ್ತಿದ್ದವು. ಮಕ್ಕಳ ಡಾಕ್ಟರು ರಕ್ತ ಕಳಿಸಿದರು, ತಾತನೇ ಪರೀಕ್ಷೆ ಮಾಡಿದರು. ಕ್ಯಾಲ್ಸಿಯಂ ಹತ್ತರ ಆಸುಪಾಸು ಇರಬೇಕಾದ ಕಡೆ ಇಪ್ಪತ್ತೆರಡು!

"ಥೂ, ಇದರ ಮನೆ ಹಾಳಾಗ!" ಎಂದು ಯಂತ್ರಕ್ಕೆ ಬೈದರು. ಅಷ್ಟಿದ್ದರೆ ಜೀವ ಉಳಿದಿರುತ್ತದೆಯೇ? ತಮ್ಮ ರಕ್ತ ಹಾಕಿದರು. ಹನ್ನೊಂದೂವರೆ. ಅದೂ ಜಾಸ್ತಿಯೇ. ತಮ್ಮಂಥ ಗಟ್ಟಿಗನಿಗೇ ಜಾಸ್ತಿ ತೋರಿಸುತ್ತಿದೆ ಎಂದಮೇಲೆ ಇನ್ನೇನು ಅನುಮಾನ! ವರದಿಯ ಮೇಲೆ 'ಯಂತ್ರದ ದೋಷ, ನಾಳೆ ಮತ್ತೆ ರಕ್ತ ಕಳಿಸಿ' ಎಂದು ಬರೆದು, ರಿಪೇರಿಯವನಿಗೆ ಫೋನ್ ಮಾಡಿ, ನಗುನಗುತ್ತಾ ವಾರ್ಡಿಗೆ ಹೋದರು.

"ಏನೂ ಇಲ್ಲ ಕಣಮ್ಮ, ಯಂತ್ರ ಕೈಕೊಟ್ಟಿದೆ. ಮಗು ಚೆನ್ನಾಗಿದೆ, ಸುಮ್ನೆ ತಲೆ ಕೆಡಿಸ್ಕೋಬೇಡ."

ಮರುದಿನ ಮಧ್ಯಾಹ್ನ ರಿಪೇರಿಯವನು ಬಂದು, ದ್ರಾವಣ ಹಾಕಿ ನೋಡಿ, "ಯಂತ್ರಕ್ಕೇನಾಗಿದೆ ಸಾರ್? ಸರಿಯಾಗೇ ಇದೆಯಲ್ಲ" ಎಂದ. ಹಾಗಾದರೆ ಮಗುವಿನ ಇಪ್ಪತ್ತೆರಡೂ ನಿಜ, ತಮ್ಮ ಹನ್ನೊಂದೂವರೆಯೂ ನಿಜ! ಬಿದ್ದೆನೋ ಎದ್ದೆನೋ ಎಂದು ವಾರ್ಡಿಗೆ ಓಡಿದರು. ಅಂದೇ ಮಗುವನ್ನು ದೊಡ್ಡ ಆಸ್ಪತ್ರೆಗೆ ಸಾಗಿಸಿದರು.

ಅಲ್ಲಿಯ ಡಾಕ್ಟರಮ್ಮ ಮನೆಯವರೆಲ್ಲರ ರಕ್ತ ನೋಡಿ, ಅವರಿಗೆ ಬಿಡಿಸಿ ಹೇಳಿದರು. "ಕತ್ತಲ್ಲಿ ಸಣ್ಣ ಸಣ್ಣ ನಾಲ್ಕು ಗ್ರಂಥಿಗಳಿರ್ತವೆ. ರಕ್ತದಲ್ಲಿ ಕ್ಯಾಲ್ಸಿಯಂ ಸಾಕು ಅಂತ ಅವಕ್ಕೆ ತಿಳಿಸೋದೇ ಒಂದು ಗ್ರಾಹಕ, ಅಳತೆ ನೋಡೋ ಕಣ್ಣಿದ್ದ ಹಾಗೆ. ಅದರ ಜೀನು ಈ ಮಗುಗೆ ತಾಯಿ ಕಡೆಯಿಂದಲೂ ತಂದೆ ಕಡೆಯಿಂದಲೂ ಕೆಟ್ಟೇ ಬಂದಿರೋ ಹಾಗಿದೆ. ಸಾಕು ಅಂತ ಗ್ರಂಥಿಗಳಿಗೆ ಗೊತ್ತೇ ಆಗದೆ, ಮೂಳೆ ಕರಗಿಸಿ ರಕ್ತಕ್ಕೆ ಸುರೀತಾನೇ ಇವೆ. ಒಂದೇ ಕಡೆಯಿಂದ ಬಂದ್ರೆ, ನಿಮಗೂ ನಿಮ್ಮ ಮಗಳಿಗೂ ಇರೋ ಹಾಗೆ, ಸ್ವಲ್ಪ ಜಾಸ್ತಿ ಇರುತ್ತೆ. ತೊಂದರೆ ಏನೂ ಆಗಲ್ಲ."

ಗ್ರಂಥಿ ತೆಗೆಯಲೆಂದು ಆಪರೇಷನ್ ಕೋಣೆಗೆ ಕರೆದೊಯ್ಯಬೇಕಾದ ಬೆಳಿಗ್ಗೆಯೇ ಮಗುವಿನ ಗುಂಡಿಗೆ ನಿಂತಿತು. ಹುಟ್ಟಿ ಒಂಬತ್ತು ದಿನ.

"ಒಂದು ದಿನ ಮೊದ್ಲೇ ಬಂದಿದ್ರೆ ಉಳೀತಿತ್ತಾ?" ಎಂದು ಅವರು ಡಾಕ್ಟರಮ್ಮನನ್ನು ಕೇಳಿದರು.

"ಹೇಳೋಕಾಗಲ್ಲ," ಎಂದರು ಆಕೆ.

ಇಲ್ಲ ಎಂದು ಒಂದು ಸುಳ್ಳು ಹೇಳಿದ್ದರೂ ಆಗುತ್ತಿತ್ತಲ್ಲ! ಎರಡು ವಾರ ಮಗಳ ಕೋಣೆಯ ಬಾಗಿಲವರೆಗೆ ಹೋಗಿ ಹೋಗಿ ವಾಪಸು ಬಂದರು. ಮಗಳಿಗೆ ಹೇಳಿದರೆ ಅವಳು ಮತ್ತೆ ಮುಖ ನೋಡುವಳೋ ಇಲ್ಲವೋ. ಹೇಳದೆ ಅವಳ ಮುಖ ನೋಡಲು ತಮ್ಮಿಂದಾಗದು. ಕೊನೆಗೆ ಅವಳ ಕೋಣೆಗೆ ಹೋಗಿ, ಬಾಗಿಲಲ್ಲೇ ನಿಂತು ಎಲ್ಲ ಕಕ್ಕಿಬಿಟ್ಟರು.

"ಯಂತ್ರ ಸರಿಯಾಗೇ ಹೇಳ್ತು ಕಣಮ್ಮ. ನನ್ನ ರಕ್ತದಲ್ಲೇ ಇತ್ತು, ನಿನಗೆ ಕೊಟ್ಟವನೂ ನಾನೇ. ಮೇಲಿಂದ ಇಡೀ ಒಂದು ದಿನ ಹಾಳು ಮಾಡ್ದೆ. ಬೈಯಿ, ಹೊಡಿ, ಏನಾದ್ರೂ ಮಾಡು."

ಮಗಳು ಪಕ್ಕದಲ್ಲಿದ್ದ ಮಗುವಿನ ಬಟ್ಟೆಯನ್ನು ಮಡಿಲಿಗೆ ಎಳೆದುಕೊಂಡಳು.

"ಚೆನ್ನಾಗಿದೆ ಅಂದ್ಯಲ್ಲಪ್ಪ, ನಾನು ನಂಬಿಬಿಟ್ಟೆ. ಅವತ್ತು ಪೂರ್ತಿ ಅವಳನ್ನ ಮಡಿಲಲ್ಲೇ ಇಟ್ಕೊಂಡು, ನಿನಗೆ ತಾತನ ಕಿವಿ ಬಂದಿದೆ ಕಣೇ ಅಂತ ಮಾತಾಡಿಸ್ತಾ ಕೂತಿದ್ದೆ. ಮೊದಲೆರಡು ದಿನ ನನಗೇ ಎದ್ದು ಕೂರೋಕಾಗ್ಲಿಲ್ಲ. ಹೆದರಿಕೆ ಇಲ್ಲದೆ ಅವಳನ್ನ ಎತ್ತಿಕೊಂಡಿದ್ದು ಅದೊಂದೇ ದಿನ. ಅದನ್ನೂ ತಪ್ಪು ಅನ್ನಬೇಡಪ್ಪ. ನನಗೆ ಬೇರೆ ದಿನ ಇಲ್ಲ."

ಅವರಿಗೆ ಬೈಗುಳ ಬೇಕಿತ್ತು, ಹೊಡೆತ ಬೇಕಿತ್ತು. ಮಗಳ ಈ ಮಾತನ್ನು ಹೇಗೆ ಹೊರುವುದೋ ತಿಳಿಯದೆ, ಮಗಳ ಕಾಲ ಬಳಿ ನೆಲದ ಮೇಲೆ ಕುಸಿದು ಗೊಳೋ ಎಂದು ಅತ್ತುಬಿಟ್ಟರು.